ಅಡಿ ಲೆಕ್ಕದಲ್ಲಿ ಬ್ಲಾಕ್ ತೆಗೆಸುವ ಮುಂಚೆ ಚೇಂಬರ್ ಮುಚ್ಚಳ ತೆಗೆದಿಡಿ

ಚಿಕ್ಕಮಗಳೂರಲ್ಲಿ ಅಡುಗೆಮನೆ ಸಿಂಕು ಪದೇ ಪದೇ ಕಟ್ಟಿಕೊಂಡು, ಮಷೀನಿನವರನ್ನು ಕರೆಸೋಣ ಅಂತಿರುವವರು ದಯವಿಟ್ಟು ಇದನ್ನು ಓದಿ ಆಮೇಲೆ ಫೋನ್ ಮಾಡಿ. "ವಿಸಿಟ್ 500, ಆಮೇಲೆ ಅಡಿಗೆ 60, ಮೂರು ತಿಂಗಳು ಗ್ಯಾರಂಟಿ" ಅಂತಾರೆ. ಕೇಳೋಕೆ ನ್ಯಾಯವಾಗಿಯೇ ಇದೆ. ನಮ್ಮ ಮನೆಯ ಹದಿನೇಳು ಅಡಿಯ ಲೈನಿಗೆ 5,600 ರೂಪಾಯಿ ಕಿತ್ತುಕೊಂಡು ಹೋದರು, ಸಿಂಕು ಒಂದು ತಿಂಗಳೂ ತಾಳಲಿಲ್ಲ. ಪೈಪಿನ ಲೆಕ್ಕ ಗೊತ್ತಿರುವವರ ಕಣ್ಣೆದುರಿಗೇ ಈ ಆಟ ಆಡಿದ್ದಾರೆ, ಅದೇ ಹೊಟ್ಟೆ ಉರಿಯೋದು.

ಲೈನು ಹೀಗಿದೆ. ಸಿಂಕಿನ ಕೆಳಗೆ ಬಾಟಲ್ ಟ್ರ್ಯಾಪ್ (ವಾಸನೆ ತಡೆಯಲು ನೀರು ನಿಲ್ಲುವ ಬಟ್ಟಲು), ಅಲ್ಲಿಂದ ಗೋಡೆಯೊಳಗೆ ಮೂರಿಂಚಿನ ಪಿವಿಸಿ ಪೈಪು, ಗೋಡೆ ದಾಟಿ ಹೊರಗೆ ಎರಡು ಎಲ್ಬೋ ತಿರುಗಿ ಸೀದಾ ಚೇಂಬರಿಗೆ, ಅಂದರೆ ಕೊಳಚೆ ನೀರು ಬಂದು ಬೀಳುವ ಮುಚ್ಚಳದ ತೊಟ್ಟಿಗೆ. ಸಿಂಕು ತುಂಬಿ ನಿಂತಿದೆ, ಚೇಂಬರ್ ಒಣಗಿದೆ. ಅಂದರೆ ಬ್ಲಾಕು ಇವೆರಡರ ನಡುವೆ ಅಂತ ಯಾರಾದರೂ ಹೇಳಬಹುದು. ಚೇಂಬರೇ ತುಂಬಿ ನಿಂತಿದ್ದರೆ ತಡೆ ಅದರಿಂದಾಚೆ ಇರೋದು, ಬೀದಿಯ ಯುಜಿಡಿ (ಒಳಚರಂಡಿ) ಲೈನಿನದಾದರೆ ನಗರಸಭೆಗೆ ಹೇಳಬೇಕು, ಮನೆಯೊಳಗೆ ಮಷೀನ್ ಓಡಿಸಿ ಪ್ರಯೋಜನವಿಲ್ಲ. ಇಷ್ಟನ್ನೂ ಹೇಳಿದರೆ ಬಂದವನು ಕೊಟ್ಟ ಉತ್ತರ: "ಅಕ್ಕಾ, ಇದೆಲ್ಲ ನಿಮಗೆ ಗೊತ್ತಾಗಲ್ಲ, ಅಣ್ಣ ಇದ್ರೆ ಕರೀರಿ."

ಅಣ್ಣ ಇರಲಿಲ್ಲ. ಚೇಂಬರ್ ಮುಚ್ಚಳ ತೆಗಿ ಅಂದರೆ "ಬೇಡ ಅಕ್ಕ, ವಾಸನೆ ಬರ್ತದೆ" ಅಂದ. ಟ್ರ್ಯಾಪ್ ಬಿಚ್ಚಿ, ಮಷೀನ್ ತಿರುಗಿಸುವ ಅರ್ಧ ಇಂಚು ದಪ್ಪದ ಉದ್ದನೆಯ ಸ್ಪ್ರಿಂಗನ್ನು ಗೋಡೆಯ ಪೈಪಿಗೆ ತೂರಿಸಿ ಮಷೀನ್ ಶುರು ಮಾಡಿದ. ಜೊತೆಗಿದ್ದ ಹುಡುಗ ಗಟ್ಟಿಯಾಗಿ ಅಡಿ ಎಣಿಸುತ್ತಿದ್ದ. ಹದಿನೆಂಟು, ಇಪ್ಪತ್ತು, ಇಪ್ಪತ್ತೈದು. ಲೈನೇ ಹದಿನೇಳಡಿ ಅಂದರೆ "ಇನ್ನೂ ಹೋಗ್ತಾ ಇದೆ ಅಕ್ಕ, ಬ್ಲಾಕು ದೂರ ಇದೆ" ಅನ್ನುತ್ತಾನೆ. ನಲವತ್ತು. ಐವತ್ತು. ಐವತ್ತೈದಕ್ಕೆ ನಿಲ್ಲಿಸಿದ.

ಹೊರಗೆ ಹೋಗಿ ಮುಚ್ಚಳ ಎತ್ತಿದರೆ, ಎರಡಡಿ ಚೌಕದ ಚೇಂಬರಿನ ತಳದಲ್ಲಿ ಸ್ಪ್ರಿಂಗು ಚಕ್ಕುಲಿಯ ಹಾಗೆ ಸುತ್ತು ಸುತ್ತಾಗಿ ಬಿದ್ದಿದೆ. ತುದಿಯಲ್ಲಿ ಚೂರು ಬಿಳಿ ಜಿಡ್ಡು, ಒಂದಿಷ್ಟು ಕಾಫಿ ಚರಟ. ಪೈಪಿನಿಂದ ಹದಿನೇಳಡಿಗೇ ಹೊರಬಿದ್ದದ್ದು, ಮಿಕ್ಕ ಮೂವತ್ತೆಂಟು ಅಡಿ ಚೇಂಬರಿನಲ್ಲೇ ಸುಮ್ಮನೆ ಸುತ್ತಿಕೊಂಡಿದೆ! ಆ ಮೂವತ್ತೆಂಟು ಅಡಿಗೂ ಅರವತ್ತರಂತೆ ದುಡ್ಡು. ಕೇಳಿದರೆ ಏನಂದ ಗೊತ್ತೇ? "ಸ್ಪ್ರಿಂಗ್ ಒಳಗೆ ಹೋದಷ್ಟು ಲೆಕ್ಕ ಅಕ್ಕ, ಪೈಪ್ ಎಷ್ಟುದ್ದ ಅನ್ನೋದು ನಮಗೆ ಬೇಡ. ಮಷೀನ್ ಲೆಕ್ಕ ಇದು." ಮಷೀನ್ ಲೆಕ್ಕವಂತೆ. ಮಷೀನಿನಲ್ಲಿ ಮೀಟರೂ ಇಲ್ಲ, ಎಣಿಸಿದ್ದು ಅವನ ಹುಡುಗ.

ಇನ್ನು ಆ ಕೆಮಿಕಲ್. ಚೀಟಿಯಿಲ್ಲದ ಕಪ್ಪು ಕ್ಯಾನು, "ಫಾರಿನ್ ಲಿಕ್ವಿಡ್, ಜಿಡ್ಡು ಕರಗಿಸ್ತದೆ" ಅಂತ ಹೇಳಿ, ಕೇಳುವ ಮುಂಚೆಯೇ ಸುರಿದ. 1,800 ರೂಪಾಯಿ. ನೆಲದ ಸಿಮೆಂಟಿನ ಮೇಲೆ ಚೆಲ್ಲಿದ ಕಡೆ ಬುಸ್ಸೆಂದು ನೊರೆ ಬಂತು, ಮೂಗು ಉರಿಯುವ ಹೊಗೆ. ಅಷ್ಟರಲ್ಲೇ ಗೊತ್ತಾಯಿತು, ಅದು ಬಾತ್‌ರೂಮಿಗೆ ಹಾಕುವ ಮಾಮೂಲಿ ಆಸಿಡ್. ಆಸಿಡ್ ಸುಣ್ಣದ ಕರೆ ತೆಗೆಯುತ್ತದೆ, ಸಿಮೆಂಟು ತಿನ್ನುತ್ತದೆ. ಜಿಡ್ಡಿಗೆ ಅದರಿಂದ ಏನೂ ಆಗದು. ಎಣ್ಣೆ ಜಿಡ್ಡಿನ ಮೇಲೆ ಕೆಲಸ ಮಾಡುವುದು ಕಾಸ್ಟಿಕ್ ಸೋಡಾದಂಥ ಕ್ಷಾರ, ಅದು ಕೊಬ್ಬನ್ನು ಸೋಪಾಗಿಸುತ್ತದೆ. ಮೊದಲೇ ಯಾರಾದರೂ ಕಾಸ್ಟಿಕ್ ಹಾಕಿದ್ದ ಪೈಪಿಗೆ ಆಸಿಡ್ ಸುರಿದರೆ ಕುದಿದು ಮುಖಕ್ಕೆ ಚಿಮ್ಮುತ್ತದೆ, ಬ್ಲೀಚಿಂಗ್ ಇದ್ದರಂತೂ ಕ್ಲೋರಿನ್ ಅನಿಲ. ಮೊದಲು ಏನಾದರೂ ಹಾಕಿದ್ದೀರಾ ಅಂತ ಆ ಮಹಾನುಭಾವ ಒಂದು ಮಾತು ಕೇಳಲಿಲ್ಲ. ಸ್ಟೀಲ್ ಸಿಂಕಿನ ಜಾಲರಿ ಸುತ್ತ ಕಪ್ಪು ಚುಕ್ಕೆ ಬಿದ್ದಿದೆ, ಅದು ಇನ್ನು ಹೋಗೋದಿಲ್ಲ.

ಕೊನೆಗೆ ನಲ್ಲಿ ತಿರುಗಿಸಿ ಸಣ್ಣಗೆ ನೀರು ಬಿಟ್ಟು "ನೋಡಿ ಅಕ್ಕ, ಹೋಯ್ತು" ಅಂದ. ಹೋಗದೇ ಏನು? ಜಿಡ್ಡು ತುಂಬಿದ ಮೂರಿಂಚು ಪೈಪಿನ ನಡುವೆ ಅರ್ಧ ಇಂಚಿನ ಸ್ಪ್ರಿಂಗು ಅರ್ಧ ಇಂಚಿನದೇ ತೂತು ಮಾಡಿರುತ್ತದೆ, ನಲ್ಲಿ ನೀರಿಗೆ ಅಷ್ಟು ಸಾಕು. ಆಮೇಲೆ ಅನ್ನದ ಅಗುಳು, ಮುದ್ದೆ ಪಾತ್ರೆ ತೊಳೆದ ಅಂಟು ಸೇರಿ ಆ ತೂತು ಮುಚ್ಚಿಕೊಳ್ಳುತ್ತದೆ. ಮೂರಿಂಚು ಪೈಪಿಗೆ ಸ್ಪ್ರಿಂಗಿನ ತುದಿಗೆ ಎರಡೂವರೆ ಇಂಚಿನ ಕಟರ್ ಹಾಕಿ ಸುತ್ತಲ ಗೋಡೆ ಕೆರೆಯಬೇಕು. ಇಲ್ಲವೇ ಚೇಂಬರಿನ ಕಡೆಯಿಂದ ಮೇಲ್ಮುಖವಾಗಿ ಪ್ರೆಶರ್ ನೀರಿನ ಜೆಟ್ ಬಿಡಬೇಕು, ಆಗ ಸಿಕ್ಕಿದ ಜಿಡ್ಡು ಚೇಂಬರಿಗೇ ಬಂದು ಬೀಳುತ್ತದೆ. ಪರೀಕ್ಷೆ ಮಾಡುವುದಾದರೆ ಸಿಂಕಿನ ತೂತು ಮುಚ್ಚಿ ಕಂಠಮಟ್ಟ ತುಂಬಿಸಿ ಒಮ್ಮೆಗೇ ಬಿಡಬೇಕು, ಮೇಲಿಂದ ಒಂದು ಬಕೆಟ್ ಸುರಿಯಬೇಕು, ಇನ್ನೊಬ್ಬರು ಚೇಂಬರ್ ಹತ್ತಿರ ನಿಂತು ನೋಡಬೇಕು. ನೀರು ರಭಸವಾಗಿ ಬಂದು ಬಿದ್ದರೆ ಪೈಪು ತೆರೆದಿದೆ, ಎಳೆ ಎಳೆಯಾಗಿ ಬಂದರೆ ಇಲ್ಲ.

ಮತ್ತೆ ಕಟ್ಟಿಕೊಂಡಿತು, ಫೋನ್ ಮಾಡಿದರೆ ಮೊದಲು "ನೀವು ಏನೋ ಹಾಕಿರ್ತೀರಿ." ಗ್ಯಾರಂಟಿ ಕೊಟ್ಟಿದ್ದಿರಲ್ಲ ಅಂದರೆ "ಗ್ಯಾರಂಟಿ ಆ ಬ್ಲಾಕಿಗೆ ಅಕ್ಕ. ಇದು ಹೊಸ ಬ್ಲಾಕು." ಈ ಮಾತನ್ನು ನಾಚಿಕೆಯಿಲ್ಲದೆ ಹೇಳಿದ. ಹೊಸ ಬ್ಲಾಕು! ಬಿಲ್ಲಾದರೂ ಕೊಡಿ ಅಂದರೆ "ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರ್ತದೆ." ಬಂದು ನೋಡಿ ಅಂದಿದ್ದಕ್ಕೆ ಬಂದ, ಐದು ನಿಮಿಷ ಬಗ್ಗಿ ನೋಡಿ, ಅಡುಗೆಮನೆ ನೆಲ ಪೂರ್ತಿ ಅಗೆದು ಲೈನ್ ಬದಲಾಯಿಸಬೇಕು, 38,000 ಆಗ್ತದೆ ಅಂದ. ಬೇಡ ಅಂದರೆ, ಹಾಗಾದರೆ ಎರಡು ಸಾವಿರ ಕೊಡಿ, ಹುಡುಗನನ್ನು ಹಿತ್ತಲಿನ ಸೆಪ್ಟಿಕ್ ಟ್ಯಾಂಕಿನ ಗುಂಡಿಗೆ ಇಳಿಸಿ ಆ ಕಡೆಯಿಂದ ನೋಡಿಸ್ತೀನಿ ಅಂದ. ಹದಿನೆಂಟು ತುಂಬಿತ್ತೋ ಇಲ್ಲವೋ ಅನ್ನುವಂಥ ಹುಡುಗ, ಕೈಗೆ ಗ್ಲೌಸಿಲ್ಲ. ಆ ಗುಂಡಿಗಳಲ್ಲಿ ವಿಷಾನಿಲ ನಿಂತಿರುತ್ತದೆ, ಇಳಿದವರು ಕೂಗುವ ಮುಂಚೆ ಬೀಳುತ್ತಾರೆ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯಿದೆ ಪ್ರಕಾರ ರಕ್ಷಣಾ ಸಾಮಗ್ರಿಯಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸಿ ಶುಚಿ ಮಾಡಿಸುವುದು ಅಪರಾಧ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಇದನ್ನು ಹೇಳಿದ ಮೇಲೇ ಸ್ಪ್ರಿಂಗು ಸುತ್ತಿಕೊಂಡು ಹೊರಟಿದ್ದು.

ಅಸಲಿ ರೋಗ ಹೊರಗಡೆ ಇತ್ತು. ಗೋಡೆಯಿಂದ ಹೊರಬಂದ ಪೈಪಿಗೆ ಹತ್ತಡಿಗೆ ಒಂದೇ ಒಂದು ಕ್ಲ್ಯಾಂಪು. ಪಿವಿಸಿ ಪೈಪು 80 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಅನ್ನ ಬಸಿದ ಗಂಜಿಯನ್ನು ಕುದಿಯುತ್ತಿರುವಾಗಲೇ ಸಿಂಕಿಗೆ ಸುರಿಯುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ, ಆಧಾರವಿಲ್ಲದ ಪೈಪು ಹಾಗೆ ಮೆತ್ತಗಾಗಿ ಆಗಿ ನಡುವೆ ಹೊಟ್ಟೆ ಬಿಡುತ್ತದೆ. ಆ ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ, ನಿಂತ ನೀರಿನಲ್ಲಿ ಗಂಜಿಯೂ ಚರಟವೂ ತಳ ಸೇರುತ್ತವೆ. ಮೇಲೆ ಎಣ್ಣೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿ, ನಮ್ಮೂರಲ್ಲಿ ಡಿಸೆಂಬರ್ ರಾತ್ರಿ 15ರ ಆಸುಪಾಸು ಇರುತ್ತದೆ. ಚಳಿಗಾಲದಲ್ಲೇ ಜಾಸ್ತಿ ಕಟ್ಟಿಕೊಳ್ಳುವುದು ಇದಕ್ಕೆ. ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾದ ದಿನ ಪೈಪಿನಲ್ಲೂ ಗಟ್ಟಿಯಾಗಿದೆ ಅಂದುಕೊಳ್ಳಿ.

ನೆಲ ಒಂದಿಂಚೂ ಅಗೆಯಲಿಲ್ಲ. ಇನ್ನೊಬ್ಬ ಪ್ಲಂಬರ್, ವಯಸ್ಸಾದವರು, ಹೊರಗಿನ ಹತ್ತಡಿ ಮಾತ್ರ ಕತ್ತರಿಸಿ ತೆಗೆದರು. ಹೊಸ ಮೂರಿಂಚಿನ ಎಸ್‌ಡಬ್ಲ್ಯೂಆರ್ (ಕೊಳಚೆ, ಮಳೆ ನೀರಿನ) ಪೈಪು, ಗೋಡೆ ಪಕ್ಕದ 90 ಡಿಗ್ರಿ ಎಲ್ಬೋ ಬದಲು ಎರಡು 45 ಡಿಗ್ರಿ ಬೆಂಡು, ಇನ್ನೊಂದು ತಿರುವಿನಲ್ಲಿ ಡೋರ್ ಬೆಂಡು, ಅಂದರೆ ಬಿಚ್ಚುವ ಬಾಗಿಲಿರುವ ಬೆಂಡು. ಮೂರಡಿಗೊಂದು ಕ್ಲ್ಯಾಂಪು. ಇಳಿಜಾರು ನಲವತ್ತಕ್ಕೆ ಒಂದು, ಅಂದರೆ ಹತ್ತಡಿಗೆ ಮೂರಿಂಚು, ಮಟ್ಟ ನೋಡುವ ಲೆವೆಲ್ ಟ್ಯೂಬ್ ಹಿಡಿದೇ ಮಾಡಿದರು. ರಬ್ಬರ್ ರಿಂಗು ಕೂರಿಸುವಾಗ ಸೋಪಿನ ನೀರು ಸವರಿದರು, ಒಣಗಿದ ರಿಂಗನ್ನು ಒತ್ತಿದರೆ ಮಡಚಿಕೊಂಡು ಜಾಯಿಂಟ್ ಸೋರುತ್ತದೆ. ಸಾಮಾನು, ಕೂಲಿ ಎಲ್ಲ ಸೇರಿ 4,200. ಆಗಾಗ ಡೋರ್ ಬೆಂಡಿನ ಬಾಗಿಲು ಬಿಚ್ಚಿ ಜಿಡ್ಡನ್ನು ಕೈಯಿಂದಲೇ ತೆಗೆದುಬಿಡಬಹುದು, ಮಷೀನೇ ಬೇಡ. ಆ 38,000ದ ಎಸ್ಟಿಮೇಟು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಕರೆಸಲೇಬೇಕು ಅಂದರೆ ಮೊದಲು ಟೇಪ್ ಹಿಡಿದು ಸಿಂಕಿನಿಂದ ಚೇಂಬರಿಗೆ ಅಳೆದು, ಅಷ್ಟಕ್ಕೇ ದುಡ್ಡು ಅಂತ ಅವರ ಫೋನಿಗೆ ಬರೆದು ಕಳಿಸಿ. ಮುಚ್ಚಳ ತೆಗೆಯಲು ಒಪ್ಪದವನನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ಚೀಟಿಯಿಲ್ಲದ ಕ್ಯಾನು ಒಳಗೆ ಬಿಡಬೇಡಿ. ಗಂಜಿ ಆರಿಸಿ ಗಿಡಕ್ಕೆ ಹಾಕಿ, ಕಾಫಿ ಚರಟವನ್ನೂ. ಕಾಸ್ಟಿಕ್ಕನ್ನು ನೀರು ನಿಂತ ಪೈಪಿಗೆ ಸುರಿದು ಬಿಡಬೇಡಿ, ಟ್ರ್ಯಾಪಿನಲ್ಲಿ ಕಲ್ಲಾಗಿ ಕೂರುತ್ತದೆ, ಆಮೇಲೆ ಟ್ರ್ಯಾಪ್ ಬಿಚ್ಚುವವರ ಕೈ ಸುಡುತ್ತದೆ. ಮಳೆ ನೀರಿನ ಪೈಪನ್ನು ಇದೇ ಚೇಂಬರಿಗೆ ಕೊಟ್ಟಿದ್ದರೆ ಅದನ್ನು ಬೇರೆ ಮಾಡಿಸಿ, ಜುಲೈ ಮಳೆಗೆ ಮಣ್ಣೆಲ್ಲ ಅಲ್ಲೇ ಬಂದು ಕೂರೋದು.

ದುಡ್ಡು ವಾಪಸ್ ಕೇಳಿದ್ದಕ್ಕೆ ಈಗ ಫೋನ್ ಎತ್ತುತ್ತಿಲ್ಲ. ಬಿಲ್ ಇಲ್ಲದಿದ್ದರೂ ಫೋನ್‌ಪೇಯಲ್ಲಿ ಹಣ ಹೋದ ದಾಖಲೆ ಇದೆ, ಗ್ಯಾರಂಟಿ ಅಂತ ಅವನೇ ಕಳಿಸಿದ ಮೆಸೇಜ್ ಇದೆ, ಚೇಂಬರಿನಲ್ಲಿ ಸುತ್ತಿಕೊಂಡಿದ್ದ ಸ್ಪ್ರಿಂಗಿನ ಫೋಟೋ ಇದೆ. ಮೂರನ್ನೂ ಇಟ್ಟುಕೊಂಡು 1915ಕ್ಕೆ, ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಾಗಿದೆ. ಇದೇ ಮಷೀನ್ ಲೆಕ್ಕದಲ್ಲಿ ದುಡ್ಡು ಕಳೆದುಕೊಂಡವರು ನೀವೂ ಕೊಡಿ.