ರಸ್ತೆ ದಾಟೋಕೆ ಯಾವುದು ಒಳ್ಳೇದು: ಎತ್ತರಿಸಿದ ಜೀಬ್ರಾ, ಸಿಗ್ನಲ್, ಸ್ಕೈವಾಕ್?

ಬೆಂಗಳೂರಿನ ನಿಮ್ಮ ಬಡಾವಣೆಯ ಶಾಲೆ ಮುಂದೆ ಯಾವುದಕ್ಕೆ ಅರ್ಜಿ ಹಾಕಬೇಕು ಅಂತ ಕೇಳಿದ್ದೀರಿ. ಮೊದಲು ರಸ್ತೆಯ ಅಗಲ, ಗಾಡಿಗಳ ವೇಗ ನೋಡಿ.

ಖರ್ಚು ಕಮ್ಮಿ ಬೇಕಂದ್ರೆ ಎತ್ತರಿಸಿದ ಜೀಬ್ರಾ, ಅಂದ್ರೆ ಫುಟ್‌ಪಾತಿನಷ್ಟೇ ಎತ್ತರಕ್ಕೆ ಏರಿಸಿದ, ಪಟ್ಟೆ ಬಳಿದ ದಾಟುದಾರಿ. ಫುಟ್‌ಪಾತ್ ಮಟ್ಟದಲ್ಲೇ ದಾಟಬಹುದು, ಗಾಲಿಕುರ್ಚಿ ಇಳಿಸಿ ಹತ್ತಿಸಬೇಕಿಲ್ಲ. ಗಾಡಿಯವರೂ ನಿಧಾನ ಮಾಡಲೇಬೇಕು. ಆದರೆ ಬಣ್ಣ ಮಾಸಿದರೆ ರಾತ್ರಿ ಬೈಕಿನವರಿಗೆ ಕಾಣುವುದಿಲ್ಲ. ಅಂಚಿನಲ್ಲಿ ಮಳೆನೀರು ಹರಿಯಲು ಜಾಗವನ್ನೂ ಬಿಡಿಸಿಕೊಳ್ಳಿ. ಎರಡು ಲೇನಿನ ರಸ್ತೆಯಾದರೆ ನಾನು ಇದನ್ನೇ ಹೇಳುತ್ತೇನೆ.

ನಾಲ್ಕು ಲೇನ್, ಬಸ್ಸುಗಳೂ ಜಾಸ್ತಿ ಅಂದ್ರೆ ಪೆಲಿಕಾನ್ ಸಿಗ್ನಲ್, ಅಂದ್ರೆ ದಾಟುವವರು ಬಟನ್ ಒತ್ತಿ ಗಾಡಿಗಳನ್ನು ನಿಲ್ಲಿಸುವ ಸಿಗ್ನಲ್. ದಾಟುವವರ ಹಸಿರು ದೀಪ ಅಜ್ಜಿಯ ನಡಿಗೆಗೂ ಸಾಲುವಷ್ಟು ಹೊತ್ತು ಇರಬೇಕು.

ಸ್ಕೈವಾಕ್, ಅಂದ್ರೆ ರಸ್ತೆ ಮೇಲಿನ ಕಾಲುಸೇತುವೆ, ಹೊರವರ್ತುಲ ರಸ್ತೆಯಂಥ ಕಡೆಗೆ ಸರಿ. ದುಬಾರಿ. 5 ಮೀಟರಿಗಿಂತ ಜಾಸ್ತಿ ಹತ್ತಿ ಇಳಿಯಬೇಕು. ಲಿಫ್ಟ್ ಕೆಟ್ಟರೆ ಮಂಡಿನೋವಿನವರು ಕೆಳಗೇ ದಾಟುತ್ತಾರೆ. ಅದು ಅವರ ತಪ್ಪಲ್ಲ, ಅಲ್ವಾ?