ಕಂಪ್ಯೂಟರಿನಲ್ಲಿ ಟಿವಿ ನೋಡಲು ಯಾವ ಟ್ಯೂನರ್? ಉಡುಪಿಯ ಮನೆಯಲ್ಲಿ ಇಟ್ಟು ನೋಡಿದ ಮೇಲೆ

ಟಿವಿ ಟ್ಯೂನರ್ ಅಂದರೆ ಟಿವಿ ಸಿಗ್ನಲ್ ಹಿಡಿದು ಕಂಪ್ಯೂಟರಿಗೆ ಕೊಡುವ ಸಾಧನ. ಅದನ್ನು ಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಕಂಪನಿ, ಎಷ್ಟು ರೇಟು, ರಿಮೋಟ್ ಬರುತ್ತದಾ ಅಂತ. ಅದೆಲ್ಲ ಆಮೇಲೆ. ಮೊದಲು ಮನೆಯೊಳಗೆ ಬಂದಿರುವ ವಯರ್ ಯಾವುದು ಅಂತ ನೋಡಿ. ಕೇಬಲ್‌ನವರದ್ದಾ, ಮಾಡಿನ ಮೇಲಿನ ಡಿಷ್‌ನದ್ದಾ? ಮುಕ್ಕಾಲು ಪಾಲು ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ನಮ್ಮ ಮನೆ ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಲ್ಲಿದೆ. ನಮ್ಮಲ್ಲಿ ಎರಡೂ ವಯರ್ ಇವೆ. ಕೇಬಲ್ ಇರುವುದು ಅಪ್ಪನಿಗಾಗಿ. ಯಕ್ಷಗಾನ, ಕಂಬಳ, ರಥೋತ್ಸವದ ನೇರ ಪ್ರಸಾರ ಮಾಡುವ ಸ್ಥಳೀಯ ಚಾನೆಲ್‌ಗಳು ಅದರಲ್ಲೇ ಸಿಗುವುದು. ಡಿಷ್ ಇರುವುದು ಡಿಡಿ ಫ್ರೀ ಡಿಷ್‌ಗೆ. ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ. ನನಗೆ ಬೇಕಿದ್ದದ್ದು ಇವೆರಡನ್ನೂ ಕಂಪ್ಯೂಟರಿನಲ್ಲಿ ನೋಡುವುದು. ಅದಕ್ಕಿಂತ ಜಾಸ್ತಿಯಾಗಿ, ರೆಕಾರ್ಡ್ ಮಾಡಿ ಇಟ್ಟುಕೊಳ್ಳುವುದು. ಮೊಬೈಲ್ ಆ್ಯಪ್‌ಗಳಲ್ಲಿ ನೋಡಬಹುದಲ್ವಾ ಅಂದರೆ, ನೋಡಬಹುದು. ಆದರೆ ಅಲ್ಲಿ ನೇರ ಪ್ರಸಾರ ತಡವಾಗಿ ಬರುತ್ತದೆ, ನಮ್ಮದು ಅಂತ ಫೈಲ್ ಉಳಿಯುವುದಿಲ್ಲ. ಮಳೆಗಾಲದಲ್ಲಿ ಎಲ್ಲೋ ಒಂದು ಮರದ ಕೊಂಬೆ ಬಿದ್ದು ಫೈಬರ್ ತುಂಡಾದರೆ ಅದೂ ಇಲ್ಲ.

ಮೊದಲು, ನಮ್ಮ ಊರಲ್ಲಿ ಯಾವುದಕ್ಕೆ ದುಡ್ಡು ಹಾಕಬಾರದು ಅಂತ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಯುಎಸ್‌ಬಿ ಡಿಜಿಟಲ್ ಟಿವಿ ಸ್ಟಿಕ್ ಅಂತ ಹುಡುಕಿದರೆ ಬೆರಳುದ್ದದ ಸ್ಟಿಕ್‌ಗಳು ಸಾಲುಸಾಲಾಗಿ ಬರುತ್ತವೆ, ಜೊತೆಗೆ ಪುಟ್ಟ ಆಂಟೆನಾ. ಹೆಚ್ಚಿನವು ಡಿವಿಬಿ-ಟಿ ಅಥವಾ ಡಿವಿಬಿ-ಟಿ2 ಬಗೆಯವು, ಅಂದರೆ ನೆಲದ ಮೇಲಿನ ಟವರ್‌ನಿಂದ ಬರುವ ಡಿಜಿಟಲ್ ಸಿಗ್ನಲ್ ಹಿಡಿಯುವಂಥವು. ದೂರದರ್ಶನ 2016ರಲ್ಲಿ ಡಿವಿಬಿ-ಟಿ2 ಪ್ರಸಾರ ಶುರು ಮಾಡಿದ 16 ನಗರಗಳಲ್ಲಿ ಕರ್ನಾಟಕದ್ದು ಬೆಂಗಳೂರು ಒಂದೇ. ಉಡುಪಿಯಲ್ಲಿ ಆ ಸ್ಟಿಕ್ ಚುಚ್ಚಿ ಎಷ್ಟು ಸ್ಕ್ಯಾನ್ ಕೊಟ್ಟರೂ ಚಾನೆಲ್ ಸಿಗುವುದಿಲ್ಲ. ಸ್ಟಿಕ್ ಹಾಳಾಗಿರುವುದಿಲ್ಲ, ಹಿಡಿಯಲು ಸಿಗ್ನಲೇ ಇಲ್ಲ.

ಕಂಪ್ಯೂಟರ್ ಬಿಚ್ಚಿ ಒಳಗಿನ ಪಿಸಿಐ ಸ್ಲಾಟ್‌ಗೆ ಚುಚ್ಚುವ ಹಳೆಯ ಟ್ಯೂನರ್ ಕಾರ್ಡುಗಳ ಕಾಲವೂ ಮುಗಿದಿದೆ. ಅವು ಹಿಡಿಯುತ್ತಿದ್ದದ್ದು ಅನಲಾಗ್ ಕೇಬಲ್. ದೇಶದ ಕೇಬಲ್ ಪೂರ್ತಿ ಡಿಜಿಟಲ್ ಆಗಲು ಇಟ್ಟಿದ್ದ ಕೊನೆಯ ಗಡುವು 2017ರ ಮಾರ್ಚ್ 31. ಈಗಿನ ಮದರ್‌ಬೋರ್ಡ್‌ಗಳಲ್ಲಿ ಆ ಸ್ಲಾಟೇ ಇರುವುದಿಲ್ಲ.

ಕೇಬಲ್ ಡಿಜಿಟಲ್ ಆಯಿತಲ್ಲ, ಡಿಜಿಟಲ್ ಕೇಬಲ್ ಹಿಡಿಯುವ ಡಿವಿಬಿ-ಸಿ ಟ್ಯೂನರ್ ಹಾಕಿದರೆ ಆಗುವುದಿಲ್ಲವಾ? ಅದೂ ಆಗುವುದಿಲ್ಲ. ಸ್ಕ್ಯಾನ್ ಕೊಟ್ಟರೆ ಚಾನೆಲ್‌ಗಳ ಹೆಸರೆಲ್ಲ ಚೆಂದವಾಗಿ ಪಟ್ಟಿಯಾಗುತ್ತವೆ. ಕ್ಲಿಕ್ ಮಾಡಿದರೆ ಕಪ್ಪು. ಹೆಸರುಗಳು ಬಿಚ್ಚಿಕೊಂಡೇ ಬರುತ್ತವೆ, ಚಿತ್ರಕ್ಕೆ ಮಾತ್ರ ಬೀಗ. ಆ ಬೀಗದ ಕೈ ಕೇಬಲ್‌ನವರು ಕೊಟ್ಟ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಇರುತ್ತದೆ. ದುಡ್ಡು ಕಟ್ಟುವ ಡಿಟಿಎಚ್‌ಗಳದ್ದೂ ಇದೇ ಕತೆ. ಹಾಗಾಗಿ ಕಂಪ್ಯೂಟರಿನ ಟ್ಯೂನರ್ ನೇರವಾಗಿ ಹಿಡಿಯುವ ಪ್ರಸಾರ ಅಂತ ನಮಗೆ ಉಳಿಯುವುದು ಫ್ರೀ ಡಿಷ್ ಮಾತ್ರ. ಕೇಬಲ್ ಬೇಕಾದರೆ ಸೆಟ್‌ಟಾಪ್ ಬಾಕ್ಸ್‌ನಿಂದ ಹೊರಗೆ ಬರುವ ಚಿತ್ರವನ್ನು ಹಿಡಿಯಬೇಕು.

ಇಷ್ಟು ತೆಗೆದ ಮೇಲೆ ನಾನು ಮನೆಯಲ್ಲಿ ಇಟ್ಟು ನೋಡಿದ್ದು ಮೂರು. ವಿಜಿಎ ವಯರ್ ನಡುವೆ ಕೂರುವ ಟಿವಿ ಬಾಕ್ಸ್, ಸೆಟ್‌ಟಾಪ್‌ನ ಹಳದಿ-ಕೆಂಪು-ಬಿಳಿ ಪಿನ್‌ಗೆ ಸಿಕ್ಕಿಸುವ ಯುಎಸ್‌ಬಿ ಎವಿ ಕ್ಯಾಪ್ಚರ್, ಮತ್ತೆ ಡಿಷ್ ವಯರ್ ನೇರವಾಗಿ ತಿರುಪುವ ಯುಎಸ್‌ಬಿ ಡಿವಿಬಿ-ಎಸ್2 ಟ್ಯೂನರ್.

ಟಿವಿ ಬಾಕ್ಸ್‌ನ ಒಂದು ಗುಣ ನನಗೆ ಇಷ್ಟ: ಕಂಪ್ಯೂಟರ್ ಆನ್ ಮಾಡುವುದೇ ಬೇಡ. ಮಾನಿಟರ್ ಮತ್ತು ಸಿಪಿಯು ನಡುವೆ ಅದನ್ನಿಟ್ಟರೆ ರಿಮೋಟ್ ಒತ್ತಿದ ಕೂಡಲೇ ಮಾನಿಟರೇ ಟಿವಿ. ಅಮ್ಮನಿಗೆ ಮೌಸ್ ಮುಟ್ಟದೆ ಧಾರಾವಾಹಿ ನೋಡಲು ಆಗುತ್ತಿತ್ತು. ಆದರೆ ಒಳಗಿನ ಅನಲಾಗ್ ಟ್ಯೂನರ್‌ಗೆ ಈಗ ಕೆಲಸವಿಲ್ಲ, ಎವಿ ಇನ್‌ಪುಟ್ ಮಾತ್ರ ಉಪಯೋಗ. ಅಗಲದ ಮಾನಿಟರ್‌ನಲ್ಲಿ ಮುಖಗಳೆಲ್ಲ ಅಡ್ಡಕ್ಕೆ ಎಳೆದ ಹಾಗೆ ಕಾಣುತ್ತವೆ. ರೆಕಾರ್ಡಿಂಗ್ ಇಲ್ಲವೇ ಇಲ್ಲ. ಇವತ್ತು ಇದನ್ನು ಕೊಳ್ಳುವುದಕ್ಕಿಂತ, ಮಾನಿಟರ್‌ನಲ್ಲಿ ಎಚ್‌ಡಿಎಂಐ ಇದ್ದರೆ ಸೆಟ್‌ಟಾಪ್ ಬಾಕ್ಸನ್ನೇ ನೇರ ಅದಕ್ಕೆ ಹಾಕಿ. ಸ್ಪೀಕರ್‌ಗೆ ಮಾನಿಟರ್‌ನ ಹೆಡ್‌ಫೋನ್ ಪಿನ್ ಸಾಕು. ಸುಮ್ನೆ ನೋಡುವುದಷ್ಟೇ ಬೇಕಿದ್ದವರಿಗೆ ಟ್ಯೂನರೇ ಬೇಡ. ಒಂದು ಎಚ್ಚರಿಕೆ: ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಪಿನ್‌ಗೆ ಹಾಕಿದರೆ ಏನೂ ಬರುವುದಿಲ್ಲ. ಅದು ಚಿತ್ರ ಹೊರಗೆ ಕಳಿಸುವ ಪಿನ್, ಒಳಗೆ ತೆಗೆದುಕೊಳ್ಳುವುದಲ್ಲ.

ಉಳಿದ ಎರಡರ ನಡುವೆ ನಿಜವಾದ ಸ್ಪರ್ಧೆ. ನಾನು ನೋಡಿದ್ದು ಮೂರು ಜಾಗ: ಸುದ್ದಿ ಚಾನೆಲ್‌ನ ಕೆಳಗೆ ಓಡುವ ಕನ್ನಡ ಪಟ್ಟಿ, ಯಕ್ಷಗಾನದ ಧೀಂಗಿಣ (ರಭಸದಲ್ಲಿ ಸುತ್ತು ತಿರುಗುವ ಕುಣಿತ), ಮತ್ತೆ ಚೆಂಡೆಯ ಪೆಟ್ಟು.

ಎವಿ ಕ್ಯಾಪ್ಚರ್‌ನಲ್ಲಿ ಪಟ್ಟಿಯ ದೊಡ್ಡ ಅಕ್ಷರ ಓದಲು ಅಡ್ಡಿಯಿಲ್ಲ. ಒತ್ತಕ್ಷರ ಬಂತೋ, ಕೆಳಗಿನ ಸಣ್ಣ ರೂಪ ಮಸಿಯ ಚುಕ್ಕೆಯ ಹಾಗೆ ಕಲಸಿಹೋಗುತ್ತದೆ. ಹಳದಿ ಪಿನ್‌ನ ಒಂದೇ ತಂತಿಯಲ್ಲಿ ಬೆಳಕು, ಬಣ್ಣ ಎರಡೂ ಬೆರೆತು ಬರುತ್ತವೆ. ಬೇರೆ ಮಾಡುವಾಗ ಅಂಚು ಹೋಗುತ್ತದೆ. ಇದರ ಏಟು ಎಲ್ಲಕ್ಕಿಂತ ಹೆಚ್ಚು ಬೀಳುವುದು ಕೆಂಪಿಗೆ. ಬಣ್ಣದ ವೇಷದ ಕೆಂಪು ಅಂಗಿಯಿಂದ ಬಣ್ಣ ಪಕ್ಕದ ಕಪ್ಪಿಗೆ ಸೋರಿದ ಹಾಗೆ ಕಾಣುತ್ತದೆ. ವೇಷದ ಚೆಲುವೇ ಬಣ್ಣದಲ್ಲಿರುವಾಗ ಇದು ಸಣ್ಣ ನಷ್ಟ ಅಲ್ಲ. ಡಿವಿಬಿ ಟ್ಯೂನರ್‌ನಲ್ಲಿ ಈ ತೊಂದರೆ ಇಲ್ಲ. ಆಕಾಶದಿಂದ ಬಂದ ಡಿಜಿಟಲ್ ಫೈಲನ್ನೇ ಅದು ಹಾಗೆಹಾಗೇ ಕಂಪ್ಯೂಟರಿಗೆ ಕೊಡುತ್ತದೆ, ನಡುವೆ ಯಾರೂ ಕೈ ಹಾಕುವುದಿಲ್ಲ. ಚಾನೆಲ್‌ನವರೇ ಕಡಿಮೆ ಗುಣಮಟ್ಟದಲ್ಲಿ ಕಳಿಸಿದ್ದರೆ ಚೌಕಚೌಕ ಕಾಣಬಹುದು, ಅದಕ್ಕೆ ಟ್ಯೂನರ್ ಏನೂ ಮಾಡಲಾರದು.

ಧೀಂಗಿಣದ್ದು ಬೇರೆ ಸಮಸ್ಯೆ. ನಮ್ಮ ಸಾಮಾನ್ಯ ಟಿವಿ ಪ್ರಸಾರ ಸೆಕೆಂಡಿಗೆ 25 ಪೂರ್ತಿ ಚಿತ್ರ. ಆದರೆ ಕಳಿಸುವುದು 50 ಅರ್ಧ ಚಿತ್ರಗಳಾಗಿ, ಸಾಲು ಬಿಟ್ಟು ಸಾಲು. ಕಂಪ್ಯೂಟರ್ ಎರಡು ಅರ್ಧಗಳನ್ನು ಸುಮ್ಮನೆ ಜೋಡಿಸಿದರೆ, ವೇಷಧಾರಿ ರಭಸದಲ್ಲಿ ತಿರುಗುವಾಗ ಕೈ, ಸೆರಗು, ಕಿರೀಟದ ಅಂಚಿನಲ್ಲೆಲ್ಲ ಬಾಚಣಿಗೆಯ ಹಲ್ಲಿನಂತೆ ಗೀರು. ಇದು ಎರಡು ಸಾಧನದಲ್ಲೂ ಬರುತ್ತದೆ. ಪರಿಹಾರ ಇರುವುದು ಸಾಫ್ಟ್‌ವೇರ್‌ನಲ್ಲಿ. ವಿಡಿಯೊ ನೋಡುವ ವಿಎಲ್‌ಸಿ ಪ್ಲೇಯರ್‌ನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ 'ಯಾಡಿಫ್ 2ಎಕ್ಸ್' ಆರಿಸಿ. ಪ್ರತಿ ಅರ್ಧವನ್ನೂ ಒಂದು ಚಿತ್ರವಾಗಿಸಿ 50 ತೋರಿಸುತ್ತದೆ. ಗೀರು ಹೋಗುವುದಷ್ಟೇ ಅಲ್ಲ, ತಿರುಗುವ ವೇಗ ವೇಗವಾಗಿಯೇ ಕಾಣುತ್ತದೆ. ಈ ಒಂದು ಸೆಟಿಂಗ್ ಗೊತ್ತಿಲ್ಲದೆ ಒಳ್ಳೆಯ ಟ್ಯೂನರ್‌ಗೆ ಬೈಯುವವರು ಬೇಕಾದಷ್ಟು ಜನ ಇದ್ದಾರೆ. ಕೆಲವು ಅಗ್ಗದ ಕ್ಯಾಪ್ಚರ್ ಸಾಧನಗಳು ಮಾತ್ರ ಅರ್ಧಗಳನ್ನು ಒಳಗೇ ಬೆರೆಸಿಯೋ ಒಂದನ್ನು ಎಸೆದೋ ಕೊಡುತ್ತವೆ. ಆಮೇಲೆ ಯಾವ ಸಾಫ್ಟ್‌ವೇರ್‌ನಿಂದಲೂ ಸರಿಮಾಡಲು ಆಗದು.

ಚೆಂಡೆಯಲ್ಲಿ ಎವಿ ಕ್ಯಾಪ್ಚರ್ ಪೂರ್ತಿ ಸೋತಿತು. ಶುರುವಿನಲ್ಲಿ ಎಲ್ಲ ಸರಿ. ಪ್ರಸಂಗ ಮುಂದುವರಿದ ಹಾಗೆ ಕೋಲು ಬೀಳುವುದು ಒಂದು ಗಳಿಗೆಗೆ, ಪೆಟ್ಟು ಕೇಳುವುದು ಇನ್ನೊಂದು ಗಳಿಗೆಗೆ. ಇಂಥ ಸಾಧನದಲ್ಲಿ ಚಿತ್ರ ಮತ್ತು ಸದ್ದು ಬೇರೆಬೇರೆ ದಾರಿಯಲ್ಲಿ ಬರುತ್ತವೆ, ಎರಡರ ಗಡಿಯಾರ ಚೂರು ಹೆಚ್ಚುಕಮ್ಮಿ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಗೊತ್ತಾಗುವುದಿಲ್ಲ, ಇಡೀ ರಾತ್ರಿಯ ಆಟದಲ್ಲಿ ಅದೇ ಕೂಡುತ್ತಾ ಹೋಗುತ್ತದೆ. ಮಾತಿನ ಅರ್ಥಗಾರಿಕೆಯನ್ನಾದರೂ ಸಹಿಸಬಹುದು, ಕುಣಿತವನ್ನು ಆಗುವುದಿಲ್ಲ. ರೆಕಾರ್ಡಿಂಗನ್ನು ಗಂಟೆಗೊಂದು ಫೈಲ್ ಆಗಿ ತುಂಡರಿಸಿದರೆ ತಕ್ಕಮಟ್ಟಿಗೆ ಹತೋಟಿಗೆ ಬರುತ್ತದೆ. ಡಿವಿಬಿಯಲ್ಲಿ ಚಿತ್ರಕ್ಕೂ ಸದ್ದಿಗೂ ಪ್ರಸಾರದವರೇ ಸಮಯದ ಗುರುತು ಒತ್ತಿ ಕಳಿಸಿರುತ್ತಾರೆ. ಎಷ್ಟು ಹೊತ್ತು ರೆಕಾರ್ಡ್ ಮಾಡಿದರೂ ಪೆಟ್ಟು ಕೋಲಿನ ಜೊತೆಗೇ ಬೀಳುತ್ತದೆ.

ಜಾಗದ ಲೆಕ್ಕವೂ ಇದೆ. ಡಿವಿಬಿ ಸಿಗ್ನಲ್ ಮೊದಲೇ ಅದುಮಿ ಬರುವಂಥದ್ದು. 3 ಎಂಬಿಪಿಎಸ್ ಚಾನೆಲ್ ಆದರೆ ಗಂಟೆಗೆ ಸುಮಾರು 1.35 ಜಿಬಿ. ಪ್ರೊಸೆಸರ್‌ಗೆ ಕೆಲಸವೇ ಇಲ್ಲ, ಹಳೆಯ ಕಂಪ್ಯೂಟರ್ ಸಾಕು. ಎವಿ ಕ್ಯಾಪ್ಚರ್ ಕೊಡುವುದು 720x576ರ ಹಸಿ ಚಿತ್ರ. ಹಾಗೇ ಉಳಿಸಿದರೆ ಗಂಟೆಗೆ 74 ಜಿಬಿಯಷ್ಟಾಗುತ್ತದೆ. ಹಾಗಾಗಿ ಅದನ್ನು ಅದುಮುವ ಕೆಲಸ ಆ ಕ್ಷಣಕ್ಕೇ ಕಂಪ್ಯೂಟರೇ ಮಾಡಬೇಕು. ನಮ್ಮ ಹಳೆಯ ಯಂತ್ರದ ಫ್ಯಾನ್ ರಾತ್ರಿಯಿಡೀ ಕಿರುಚುತ್ತಿತ್ತು.

ಎಚ್‌ಡಿಎಂಐ ಕ್ಯಾಪ್ಚರ್ ಯಾಕೆ ಬೇಡ ಅಂತ ಕೇಳುವವರಿಗೆ: ಚಿತ್ರ ಚೆಂದ ಬರಬೇಕಾದ್ದೇ. ಆದರೆ ಸೆಟ್‌ಟಾಪ್ ಬಾಕ್ಸ್‌ಗಳ ಎಚ್‌ಡಿಎಂಐಗೆ ಎಚ್‌ಡಿಸಿಪಿ ಎಂಬ ಬೀಗ ಇರುವುದು ಸಾಮಾನ್ಯ. ಕ್ಯಾಪ್ಚರ್‌ನಲ್ಲಿ ಕಾಣುವುದು ಕಪ್ಪು ಪರದೆ. ನಮ್ಮ ಬಾಕ್ಸ್‌ನಲ್ಲೂ ಹಾಗೇ ಆಯಿತು.

ಇಷ್ಟಾದರೂ ಎವಿ ಕ್ಯಾಪ್ಚರನ್ನು ನಾನು ಎಸೆದಿಲ್ಲ. ಸ್ಥಳೀಯ ಚಾನೆಲ್ ಅದೊಂದರಲ್ಲೇ ಸಿಗುವುದು. ನಮ್ಮೂರ ಮೇಳದ ಆಟ ಉಪಗ್ರಹದಲ್ಲಿ ಬರುವುದಿಲ್ಲವಲ್ಲ. ಬೆಲೆಯೂ ಕಮ್ಮಿ, ಸಾವಿರದೊಳಗೆ ಸಿಗುತ್ತದೆ. ಕೇಬಲ್ ಮಾತ್ರ ಇರುವ ಮನೆಗೆ, ಉದಾಹರಣೆಗೆ ಮಂಗಳೂರಿನ ಫ್ಲ್ಯಾಟ್‌ಗಳಲ್ಲಿ ಡಿಷ್ ಇಡಲು ಜಾಗ ಸಿಗದವರಿಗೆ, ಇದೇ ದಾರಿ.

ಮಾಡಿನ ಮೇಲೆ ಒಂದು ಡಿಷ್ ಇಡಲು ಆಗುವವರು ಕಣ್ಣು ಮುಚ್ಚಿ ಡಿವಿಬಿ-ಎಸ್2 ತೆಗೆದುಕೊಳ್ಳಿ. ಟಿಬಿಎಸ್‌ನಂಥ ಕಂಪನಿಗಳ ಯುಎಸ್‌ಬಿ ಪೆಟ್ಟಿಗೆಗೆ ಹಲವು ಸಾವಿರ ಆಗುತ್ತದೆ, ಅಗ್ಗ ಅಲ್ಲ. ಅದಕ್ಕೆ ಬೇರೆ ಅಡಾಪ್ಟರ್ ಇರುತ್ತದೆ. ಡಿಷ್‌ನ ಎದುರು ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಭಾಗಕ್ಕೆ 13 ಅಥವಾ 18 ವೋಲ್ಟ್ ಕಳಿಸಬೇಕು, ಯುಎಸ್‌ಬಿಯ 5 ವೋಲ್ಟ್‌ನಿಂದ ಅದು ಸಾಗದು. ಫ್ರೀ ಡಿಷ್‌ನಲ್ಲಿ ಎಂಪೆಗ್-2, ಎಂಪೆಗ್-4 ಎಂಬ ಎರಡು ಬಗೆಯಲ್ಲಿ ಅದುಮಿದ ಚಾನೆಲ್‌ಗಳಿವೆ. ಹಳೆಯ ಅಗ್ಗದ ಸೆಟ್‌ಟಾಪ್‌ಗಳು ಎರಡನೆಯದನ್ನು ತೋರಿಸುವುದಿಲ್ಲ, ಕಂಪ್ಯೂಟರಿಗೆ ಎರಡೂ ಒಂದೇ. ಇನ್ನೊಂದು ಲಾಭ: ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ಚಾನೆಲ್ ಒಟ್ಟಿಗೆ ಬರುತ್ತವೆ. ಒಂದನ್ನು ರೆಕಾರ್ಡಿಗೆ ಹಾಕಿ, ಅದೇ ಗುಂಪಿನ ಇನ್ನೊಂದನ್ನು ನೋಡಬಹುದು. ಲಿನಕ್ಸ್‌ನಲ್ಲಿ ಟಿವಿಹೆಡೆಂಡ್ ಎಂಬ ಸಾಫ್ಟ್‌ವೇರ್ ಹಾಕಿದರೆ ಮನೆಯ ವೈಫೈಯಲ್ಲಿ ಅಪ್ಪನ ಮೊಬೈಲಿಗೂ ಚಂದನ ಹೋಗುತ್ತದೆ, ಇಂಟರ್ನೆಟ್ ಇಲ್ಲದೆಯೂ.

ಕ್ರಿಕೆಟ್ ನೋಡುವವರಿಗೆ ಇದರಲ್ಲಿ ಇನ್ನೂ ಒಂದು ವಿಷಯವಿದೆ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು ಅಂತ 2007ರ ಕಾನೂನು ಹೇಳುತ್ತದೆ. ಆದರೆ ಆ ಸಿಗ್ನಲ್ ದೂರದರ್ಶನದ ಟವರ್ ಮತ್ತು ಫ್ರೀ ಡಿಷ್‌ಗೆ ಮಾತ್ರ, ಖಾಸಗಿ ಕೇಬಲ್‌ನಲ್ಲಿ ಕೊಡುವಂತಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಡಿಡಿಯಲ್ಲಿ ಪಂದ್ಯ ಇದೆ ಅಂತ ಕೇಳಿ ಕೇಬಲ್ ಹಚ್ಚಿದರೆ ಬೇರೇನೋ ಓಡುತ್ತಿರುವುದು ಇದಕ್ಕೇ.

ಡಿಷ್ ಕೂರಿಸುವಾಗ ನಮ್ಮ ಕರಾವಳಿಯ ತೊಂದರೆಗಳೇ ಬೇರೆ. ಫ್ರೀ ಡಿಷ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ. ಉಡುಪಿಯಿಂದ ಅದು ಆಗ್ನೇಯಕ್ಕೆ, ಸುಮಾರು 63 ಡಿಗ್ರಿ ಎತ್ತರದಲ್ಲಿ. ಆ ದಿಕ್ಕಿನಲ್ಲಿ ನಮ್ಮಲ್ಲಿ ತೆಂಗಿನ ಮರ. ಡಿಷ್ ಹಾಕಲು ಬಂದ ಹುಡುಗ ಮೇಲಿಂದ ಕೂಗಿದ್ದು ಹೀಗೆ: "ಸರ್, ಸ್ಟ್ರೆಂತ್ ಉಂಟು, ಕ್ವಾಲಿಟಿ ಇಲ್ಲ. ಮಡಲು ಅಡ್ಡ ಬರ್ತಾ ಉಂಟು." ಅವನು ಹೇಳಿದ್ದು ಸರಿ. ಸಾಫ್ಟ್‌ವೇರ್‌ನಲ್ಲಿ ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂತ್ ಏರಿದ ಮಾತ್ರಕ್ಕೆ ಚಿತ್ರ ಬರುವುದಿಲ್ಲ, ಕ್ವಾಲಿಟಿ ಏರಬೇಕು. ಡಿಷನ್ನು ಮಾಡಿನ ಇನ್ನೊಂದು ಮೂಲೆಗೆ ಸರಿಸಿದ ಮೇಲೆ ಸರಿಯಾಯಿತು. ಜೋರು ಮಳೆಗೆ ಕೆಲವು ಹೊತ್ತು ಚಿತ್ರ ಹೋಗುವುದು ಇದ್ದದ್ದೇ, ಈ ಅಲೆಗಳನ್ನು ದಪ್ಪ ಮಳೆ ಹೀರುತ್ತದೆ. ಟಿವಿಗೂ ಕಂಪ್ಯೂಟರಿಗೂ ಒಂದೇ ಡಿಷ್ ಸಾಕು, ಆದರೆ ಎರಡು ಪಿನ್‌ನ ಎಲ್‌ಎನ್‌ಬಿ ಹಾಕಿಸಿ.

ಎಲ್‌ಎನ್‌ಬಿಗೆ ವಯರ್ ತಿರುಪುವ ಕನೆಕ್ಟರ್ ಮೇಲೆ ಒಂದು ಕಣ್ಣಿಡಿ. ಕಡಲ ಗಾಳಿಗೆ ಅದರೊಳಗಿನ ತಾಮ್ರದ ಕಡ್ಡಿಗೆ ಹಸಿರು ಕಿಲುಬು ಹತ್ತುತ್ತದೆ, ಕ್ವಾಲಿಟಿ ನಿಧಾನಕ್ಕೆ ಇಳಿಯುತ್ತದೆ. ನೀರು ಒಳಗೆ ಹೊಕ್ಕರೆ ವಯರ್ ಒಳಗಿನಿಂದಲೇ ಕೆಳಗಿಳಿದು ಟ್ಯೂನರ್‌ಗೂ ಬರಬಹುದು. ಕನೆಕ್ಟರ್ ಮೇಲೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಕಿಟಕಿಯ ಹತ್ತಿರ ವಯರನ್ನು ಸ್ವಲ್ಪ ಕೆಳಗೆ ಇಳಿಬಿಟ್ಟು ಒಳಗೆ ತನ್ನಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಸಿಡಿಲಿನ ಕಾಲಕ್ಕೆ, ಮೇ ತಿಂಗಳ ಸಂಜೆಗಳಲ್ಲಿ ಮತ್ತು ಮಳೆ ಹಿಂದಿರುಗುವ ಅಕ್ಟೋಬರ್‌ನಲ್ಲಿ, ಮೋಡ ಕಟ್ಟುವಾಗಲೇ ಟ್ಯೂನರ್‌ನಿಂದ ಡಿಷ್ ವಯರ್ ಬಿಚ್ಚಿ ದೂರ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಆ ವಯರ್ ಇನ್ನೂ ಯುಎಸ್‌ಬಿ ಮೂಲಕ ಕಂಪ್ಯೂಟರಿನ ತನಕ ಜೋಡಿಯಾಗಿಯೇ ಇರುತ್ತದೆ.