ಟೈಟಾನಿಯಂ ಸ್ಪ್ರೇ: ಬಿಸಿಲು ಬೀಳುವ ಗಾಜಿಗಾದರೆ ತಗೊಳ್ಳಿ

ಎಂಟು ತಿಂಗಳ ಹಿಂದೆ ಗಾಜಿಗೆ ಹೊಡೆಯುವ ಒಂದು ಸ್ಪ್ರೇ ತಂದೆ. ಕಂಪನಿ, ಅಂಗಡಿ ಎರಡರ ಹೆಸರೂ ಬೇಡ ಬಿಡಿ. 200 ಮಿಲಿ ಬಾಟಲಿಗೆ 1,400 ರೂಪಾಯಿ. ಅಂಗಡಿ ಹುಡುಗ ಮೊಬೈಲಲ್ಲಿ ವಿಡಿಯೊ ತೋರಿಸಿದ. ನೀರು ಮುತ್ತಿನ ಹಾಗೆ ಗಾಜಿನ ಮೇಲೆ ಉರುಳಿ ಹೋಗುತ್ತಿತ್ತು. "ತಾವರೆ ಎಲೆ ಸಾರ್, ಒಂದು ಹನಿ ನಿಲ್ಲಲ್ಲ" ಅಂದ. ಬಾಟಲಿ ಮೇಲೆ ಮಾತ್ರ ಟೈಟಾನಿಯಂ ಡೈಆಕ್ಸೈಡ್ ಅಂತ ಬರೆದಿತ್ತು. ನಾನು ಆಗಲೇ ಯೋಚನೆ ಮಾಡಬೇಕಿತ್ತು.

ಸಂಜೆ ಬಾಲ್ಕನಿ ಕಿಟಕಿಗೆ ಹೊಡೆದೆ. ಬೆಳಿಗ್ಗೆ ನೀರು ಚಿಮುಕಿಸಿದರೆ ಮಾಮೂಲಿ ಗಾಜಿನ ಹಾಗೇ ಹನಿ ಹನಿ. ಎರಡು ದಿನ ಚೆನ್ನಾಗಿ ಬಿಸಿಲು ಬಿತ್ತು, ಮತ್ತೆ ಚಿಮುಕಿಸಿದೆ. ಈ ಸಲ ಹನಿ ಅನ್ನುವುದೇ ಇಲ್ಲ, ಕಾವಲಿ ಮೇಲೆ ದೋಸೆ ಹಿಟ್ಟು ಹರಡಿದ ಹಾಗೆ ನೀರು ತೆಳ್ಳಗೆ ಹರಡಿಕೊಂಡು ಹಾಳೆಯ ಹಾಗೆ ಕೆಳಗಿಳಿಯಿತು. ಅಂಗಡಿಗೆ ಫೋನ್ ಮಾಡಿದರೆ "ನೀವು ಸರಿಯಾಗಿ ಒರೆಸಿಲ್ಲ ಸಾರ್" ಅಂತ ನನಗೇ ಹೇಳಿದ! ಒರೆಸಿದ್ದು ಸರಿಯಾಗಿಯೇ ಇತ್ತು, ಸ್ಪ್ರೇನೂ ಸರಿಯಾಗಿಯೇ ಇತ್ತು, ಅವನು ತೋರಿಸಿದ ವಿಡಿಯೊನೇ ಬೇರೆ ಯಾವುದೋ ಮಾಲಿನದು. ಟೈಟಾನಿಯಂ ಡೈಆಕ್ಸೈಡ್ ತಾವರೆ ಎಲೆಗೆ ಪೂರ್ತಿ ಉಲ್ಟಾ. ಅದು ನೀರನ್ನು ದೂಡುವುದಿಲ್ಲ, ಅಂಟಿಸಿಕೊಳ್ಳುತ್ತದೆ. ಹಾಗೆ ಹರಡಿದ ನೀರು ಧೂಳಿನ ಅಡಿಗೆ ನುಗ್ಗಿ ಅದನ್ನು ಎತ್ತಿಕೊಂಡು ಹೋಗುತ್ತದೆ. ಹನಿ ನಿಂತು ಒಣಗಿದರೆ ತಾನೇ ಕಲೆ ಆಗುವುದು?

ಇದು ಹೊಸ ವಿಷಯ ಏನಲ್ಲ. 1997ರಲ್ಲಿ ಜಪಾನಿನ ಫುಜಿಶಿಮಾ, ಹಾಶಿಮೊಟೊ ಅವರ ತಂಡ 'ನೇಚರ್' ಪತ್ರಿಕೆಯಲ್ಲಿ ಇದನ್ನು ಬರೆದಿತ್ತು. ಮೊದಲು ಹನಿಯ ಅಂಚು ಗಾಜಿನ ಜೊತೆ 72 ಡಿಗ್ರಿ ಕೋನದಲ್ಲಿ ನಿಂತಿತ್ತು, ನೇರಳಾತೀತ ಬೆಳಕು ಬಿಟ್ಟ ಮೇಲೆ ಅದು ಸೊನ್ನೆಗೆ ಇಳಿಯಿತು. ಕತ್ತಲಲ್ಲಿಟ್ಟರೆ ನಿಧಾನವಾಗಿ ವಾಪಸ್. ಬೆಳಕು ಆ ಪದರದ ಮೇಲ್ಮೈಯನ್ನೇ ಬದಲಾಯಿಸಿ ನೀರಿಗೆ ಹಿಡಿಸುವ ಹಾಗೆ ಮಾಡುತ್ತದೆ ಅಂತ ಕೆಲವರು, ಇಲ್ಲ, ಗಾಳಿಯಿಂದ ಬಂದು ಕೂತ ಜಿಡ್ಡನ್ನು ಸುಡುತ್ತದೆ ಅಷ್ಟೇ ಅಂತ ಇನ್ನು ಕೆಲವರು. ಈ ಜಗಳ ತುಂಬಾ ವರ್ಷದಿಂದ ಇದೆ. ಸತುವಿನ ಆಕ್ಸೈಡೂ ಹೀಗೇ ಬೆಳಕಿಗೆ ಬದಲಾಗುತ್ತದಂತೆ.

ಕತ್ತಲ ವಿಷಯ ನಿಜವಾ ಅಂತ ನಾನೇ ನೋಡಿದೆ. ಫೋಟೊ ಫ್ರೇಮ್ ಅಂಗಡಿಯಲ್ಲಿ ಬಿದ್ದಿದ್ದ ಒಂದು ಗಾಜಿನ ತುಂಡು ತಂದು, ಅರ್ಧಕ್ಕೆ ಟೇಪ್ ಅಂಟಿಸಿ, ಉಳಿದರ್ಧಕ್ಕೆ ಸ್ಪ್ರೇ ಹೊಡೆದು, ಟೇಪ್ ಕಿತ್ತು ತಾರಸಿ ಮೇಲಿಟ್ಟೆ. ಎರಡನೇ ದಿನ ಒಂದು ಕಡೆ ಹನಿ ಉಬ್ಬಿ ಕೂತಿದೆ, ಇನ್ನೊಂದು ಕಡೆ ಚಪ್ಪಟೆ. ನಡುವಿನ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗಿತ್ತು. ಆಮೇಲೆ ಮೂರು ವಾರ ಬೀರುವಿನಲ್ಲಿಟ್ಟೆ. ತೆಗೆದು ನೋಡಿದರೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಥರ. ಮತ್ತೆ ತಾರಸಿಗೆ ಹಾಕಿದೆ, ಮತ್ತೆ ಚಪ್ಪಟೆ.

ಬಚ್ಚಲುಮನೆ ಕನ್ನಡಿ ಯಾಕೆ ಕೈಕೊಟ್ಟಿತು ಅಂತ ಆಗ ಗೊತ್ತಾಯಿತು. ಹಬೆ ಹಿಡಿಯಬಾರದು ಅಂತ ಅದಕ್ಕೂ ಹೊಡೆದಿದ್ದೆ. ನಾಲ್ಕು ದಿನ ಚೆನ್ನಾಗಿತ್ತು, ಆಮೇಲೆ ಮೊದಲಿನ ಹಾಗೇ ಮಂಜು. ಈ ಪದರಕ್ಕೆ ಸುಮಾರು 390 ನ್ಯಾನೋಮೀಟರ್‌ಗಿಂತ ಗಿಡ್ಡ ಅಲೆಯ ಬೆಳಕು, ಅಂದರೆ ಆ ನೇರಳಾತೀತ ಬೆಳಕೇ ಬೇಕು. ಬಿಸಿಲಲ್ಲಿ ಅದು ಸ್ವಲ್ಪ ಇದೆ, ಎಲ್ಇಡಿ ಬಲ್ಬಲ್ಲಿ ಇಲ್ಲ ಅಂತಲೇ ಅನ್ನಬಹುದು. ಅದೇ ಸ್ಪ್ರೇ ಹೊಡೆದ ಶೇವಿಂಗ್ ಕನ್ನಡಿಯನ್ನು ಒಂದು ದಿನ ಬಿಸಿಲಿಗಿಟ್ಟು, ಕುದಿಯುವ ಸಾರಿನ ಮೇಲೆ ಹಿಡಿದೆ. ಮುಖ ಸ್ಪಷ್ಟವಾಗಿ ಕಂಡಿತು. ಅಮ್ಮ "ಸಾರಿಗೆ ಕನ್ನಡಿ ತೋರಿಸ್ತಿದೀಯೇನೋ" ಅಂತ ನಕ್ಕರು.

ಬಾಲ್ಕನಿ ಗಾಜು ಮಾತ್ರ ಮಳೆಗಾಲ ಪೂರ್ತಿ ಖುಷಿ ಕೊಟ್ಟಿತು. ಪಕ್ಕದ ಸೈಟಲ್ಲಿ ಮನೆ ಕಟ್ಟುತ್ತಿದ್ದಾರೆ, ಧೂಳು ಕೇಳಬೇಡಿ. ಆದರೂ ಒಂದು ಜೋರು ಮಳೆ ಬಂದರೆ ಸಾಕಿತ್ತು. ಮಳೆ ನಿಂತ ಮೇಲೆ ಅಮ್ಮ ಬೋರ್‌ವೆಲ್ ನೀರಲ್ಲಿ ತೊಳೆದರು, ಅಲ್ಲಿಗೆ ಮುಗಿಯಿತು, ಬಿಳಿ ಬಿಳಿ ಕಲೆ. ಜಿಡ್ಡು, ಹೊಗೆಯಂಥದ್ದನ್ನು ಇದು ಬಿಸಿಲಲ್ಲಿ ಕರಗಿಸುತ್ತದೆ, ಸುಣ್ಣದಂಶವನ್ನು ಏನೂ ಮಾಡಲ್ಲ. ಪಾರಿವಾಳದ ಹಿಕ್ಕೆ ದಪ್ಪಗೆ ಬಿದ್ದರೂ ಅಷ್ಟೇ, ಅದರ ಅಡಿಗೆ ಬೆಳಕೇ ಹೋಗಲ್ಲವಲ್ಲ. ಫ್ರೇಮಿನ ಸಿಲಿಕೋನ್ ಪಕ್ಕದ ಎರಡು ಇಂಚಿನಲ್ಲೂ ನೀರು ಹರಡುವುದಿಲ್ಲ, ಅದರ ಎಣ್ಣೆ ಹಬ್ಬಿರಬೇಕು.

ಹೊಸ ಕಿಟಕಿ ಹಾಕಿಸುವವರು ಫ್ಯಾಕ್ಟರಿಯಲ್ಲೇ ಈ ಪದರ ಕೂರಿಸಿದ ಗಾಜನ್ನು ವಿಚಾರಿಸಿ. ಪಿಲ್ಕಿಂಗ್ಟನ್ ಕಂಪನಿ 2001ರಿಂದಲೇ ಅಂಥದ್ದು ಮಾಡುತ್ತಿದೆ, ಅದು ಕೈಯಲ್ಲಿ ಹೊಡೆದ ಸ್ಪ್ರೇಗಿಂತ ಗಟ್ಟಿ. ನನ್ನ ಕಿಟಕಿಯಲ್ಲಿ ಪೇಪರ್‌ನಿಂದ ಉಜ್ಜಿದ ಜಾಗದಲ್ಲಿ ಈಗಲೇ ಹನಿ ನಿಲ್ಲುತ್ತಿದೆ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಕಟ್ ಮಾಡಿದ್ದು ಬಾಟಲಿ ಮೇಲೆ ಎಲ್ಲೂ "ಬಿಸಿಲು ಬೇಕು" ಅಂತ ಬರೆಯದೇ ಇದ್ದದ್ದಕ್ಕೆ, ಇನ್ನೊಂದು ಆ ತಾವರೆ ಎಲೆಗೆ. ಅರ್ಧ ಬಾಟಲಿ ಇನ್ನೂ ಇದೆ. ಭಾನುವಾರ ತಾರಸಿ ಮೇಲಿನ ಸೋಲಾರ್ ಹೀಟರ್ ಗಾಜಿಗೆ ಹೊಡೆಯಬೇಕು ಅಂತಿದ್ದೇನೆ.